ಯಾರೂ ಕಾಲಿಡದ ಕೊಟ್ಟಿಗೆ

ನಾನು ಆ ಊರಿಗೆ ಹೋಗುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು.

ದೊಡ್ಡಬೆಳವಂಗಲ ದಾಟಿ ಒಳಗೆ ಹೋದರೆ ಸಿಗುವ ಒಂದು ಊರು, ಹೆಸರು ಬೇಡ. ಆ ವರ್ಷ ಅಲ್ಲಿ ಗಬ್ಬದ ಹಸುಗಳು ಒಂದರ ಹಿಂದೆ ಒಂದು ಕಂದು ಹಾಕತೊಡಗಿದ್ದವು. ಆರೇಳು ತಿಂಗಳು ತುಂಬಿದ ಕರು ಸತ್ತು ಬೀಳುತ್ತಿತ್ತು. ಮೊದಲು ಬಂದ ತಂಡವೊಂದು ಡೈರಿಯ ಜಗುಲಿಯಲ್ಲೇ, ಹಾಲು ಹಾಕಲು ಬಂದವರೆಲ್ಲ ನೋಡುತ್ತಿರುವಾಗ, ಹಸುಗಳ ರಕ್ತದ ತಿಳಿಯನ್ನು ಗುಲಾಬಿ ಬಣ್ಣದ ದ್ರವದೊಂದಿಗೆ ಬಿಳಿ ತಟ್ಟೆಯ ಮೇಲೆ ಬೆರೆಸಿ ಪರೀಕ್ಷೆ ಮಾಡಿತ್ತು. ಬ್ರುಸೆಲ್ಲಾ ಎಂಬ ರೋಗಾಣುವಿಗೆ, ಅಂದರೆ ನಮ್ಮ ಜನ ಕಂದು ಹಾಕುವ ರೋಗ ಎನ್ನುವುದಕ್ಕೆ, ಮಾಡುವ ಮೊದಲ ಪರೀಕ್ಷೆ ಅದು. ರೋಗದ ಗುರುತಿಲ್ಲದಿದ್ದರೆ ಹನಿ ನುಣ್ಣಗಿರುತ್ತದೆ. ಇದ್ದರೆ ಒಡೆದ ಹಾಲಿನಂತೆ ಕಾಳುಕಾಳಾಗುತ್ತದೆ. ಕಂದು ಹಾಕಿದ ಹಸುಗಳದ್ದೆಲ್ಲ ನುಣ್ಣಗಿತ್ತು. ಒಂದೇ ಒಂದು ಹಸುವಿನದು ಒಡೆದಿತ್ತು. ತಮಾಷೆಯೆಂದರೆ ಆ ಹಸು ಒಮ್ಮೆಯೂ ಕಂದು ಹಾಕಿದ್ದಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಹಾಗಾಯಿತು. ಊರಿನ ಎಲ್ಲ ಕೊಟ್ಟಿಗೆಗಳ ಪಾಪವನ್ನೂ ಆ ಹಸುವಿನ ತಲೆಗೆ ಕಟ್ಟಿದರು. ಡೈರಿಯ ಸೆಕ್ರೆಟರಿ ಮರುದಿನದಿಂದಲೇ ಆ ಮನೆಯ ಹಾಲು ನಿಲ್ಲಿಸಿದ. ಆ ಹಸುವಿನದು ಮಾತ್ರವಲ್ಲ, ಪಕ್ಕದಲ್ಲಿ ಕಟ್ಟಿದ್ದ ಅದರ ಇಬ್ಬರು ಹೆಣ್ಣುಮಕ್ಕಳದ್ದೂ. ಆತ ಕೆಟ್ಟವನೇನಲ್ಲ. ಒಂದು ಮನೆಯ ಹಾಲಿನಿಂದ ಇಡೀ ಊರಿನ ಹಾಲು ವಾಪಸ್ ಬಂದರೆ ಯಾರು ಹೊಣೆ ಎಂಬ ಭಯ ಅವನದು. ಹುಲ್ಲು ಕತ್ತರಿಸುವ ಯಂತ್ರವನ್ನು ಜೊತೆಯಲ್ಲಿ ಇಟ್ಟುಕೊಂಡಿದ್ದ ಪಕ್ಕದ ಮನೆಯವರು ಅದನ್ನು ತಮ್ಮ ಹಿತ್ತಲಿಗೆ ಎಳೆದುಕೊಂಡರು. ಆ ಕೊಟ್ಟಿಗೆಯ ಕಡೆ ಯಾರೂ ಕಾಲಿಡದಾದರು.

ಪಶುರೋಗ ಸಂಸ್ಥೆಯಿಂದ ನಾನು ಹೋದಾಗ ಮನೆಯೊಡತಿ ಕುಡುಗೋಲಿನಲ್ಲಿ ಸೀಮೆಹುಲ್ಲು ಕೊಚ್ಚುತ್ತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು. ನನ್ನನ್ನು ನೋಡಿ ಎದ್ದು ನಿಲ್ಲಲೂ ಇಲ್ಲ.

"ನೀವೂ ತಟ್ಟೆ ತಂದಿದ್ದೀರಾ ಮೇಡಮ್ಮ?" ಅಂದಳು.

ಇಲ್ಲ, ಹಸುವನ್ನು ನೋಡಲು ಬಂದೆ ಎಂದೆ. ಎಲ್ಲರೂ ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಾರೆ, ನೀವು ಒಳಗೇ ಬಂದಿರಲ್ಲ, ಹೆದರಿಕೆ ಇಲ್ಲವಾ ಎಂದು ಕೇಳಿದಳು. ಹೆದರಿಕೆಗೆ ಬೇಕಾದ್ದು ಚೀಲದಲ್ಲಿದೆ ಎಂದು ಗ್ಲೌಸು, ಮಾಸ್ಕು ತೋರಿಸಿದೆ. ಹಸು ಏಳು ತಿಂಗಳ ಗಬ್ಬ. ಕಪ್ಪು ಬಿಳುಪಿನ ಸೀಮೆಹಸು, ಗಿಡ್ಡ ಕಾಲು, ದೊಡ್ಡ ಹೊಟ್ಟೆ, ಯಾರನ್ನೂ ಲೆಕ್ಕಕ್ಕಿಡದ ಮುಖ. ಒಡತಿಯ ಮುಖವೂ ಹಾಗೇ ಇತ್ತು ಎಂದು ಆಮೇಲೆ ಅನ್ನಿಸಿತು.

ಅವಳ ಗಂಡ ಸೋಂಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಅವನಿಗೆ ಊರಿನವರ ಮುಖ ನೋಡಿ ಸಾಕಾಗಿತ್ತು. ದಲ್ಲಾಳಿಯೊಬ್ಬ ಆಗಲೇ ಬಂದು ಮಾತಾಡಿ ಹೋಗಿದ್ದನಂತೆ. ಕೊಟ್ಟದ್ದು ತಗೊಂಡು ಕೈತೊಳೆದುಕೊಳ್ಳೋಣ ಅನ್ನುವುದು ಗಂಡನ ವಾದ. ಅಂಥ ಹಸುವನ್ನು ದಲ್ಲಾಳಿ ಎಲ್ಲಿಗೆ ಒಯ್ಯುತ್ತಾನೆಂದು ಕೇಳುವಷ್ಟು ದಡ್ಡಿ ಅವಳಲ್ಲ. ಮೊದಲು ತಂದು ಕಟ್ಟಿದ್ದು ಈ ಒಂದನ್ನೇ. ಪಕ್ಕದಲ್ಲಿ ನಿಂತ ಎರಡೂ ಇದರ ಹೊಟ್ಟೆಯಲ್ಲಿ ಹುಟ್ಟಿದವು.

"ಇವಳು ಇಲ್ಲೇ ಈಯ್ತಾಳೆ. ಇವಳನ್ನ ಅಟ್ಟೋದಾದ್ರೆ ನನ್ನನ್ನೂ ಅಟ್ಲಿ," ಎಂದಳು. ಅಳಲಿಲ್ಲ, ಹುಲ್ಲು ಕೊಚ್ಚುವುದನ್ನೂ ನಿಲ್ಲಿಸಲಿಲ್ಲ.

ಹಸುವಿನ ಕಿವಿಯೋಲೆಯ ಸಂಖ್ಯೆ ಹಿಡಿದು ಕಂಪ್ಯೂಟರಿನಲ್ಲಿ ನೋಡಿದರೆ, ಆರು ತಿಂಗಳ ಕರುವಾಗಿದ್ದಾಗ ಕಂದು ರೋಗದ ಲಸಿಕೆ ಹಾಕಿದ್ದಾರೆಂದು ಇತ್ತು. ತಟ್ಟೆಯ ಮೇಲೆ ಕಂಡ ಗುರುತು ಲಸಿಕೆಯದಿರಬಹುದು ಎಂಬ ನನ್ನ ಮೊದಲ ಆಸೆ ಅಲ್ಲೇ ಸತ್ತಿತು. ಈ ಲಸಿಕೆ ಎಂದರೆ ಬಲ ಕುಂದಿಸಿದ ಜೀವಂತ ರೋಗಾಣು. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣು ಕರುವಿಗೆ ಹಾಕಿದರೆ ಕರು ಬೆಳೆಯುತ್ತಾ ರಕ್ತದಲ್ಲಿ ಅದರ ಗುರುತು ಅಳಿದುಹೋಗುತ್ತದೆ. ಆಮೇಲೆ ತಟ್ಟೆಯ ಮೇಲೆ ಹನಿ ಒಡೆದರೆ ಅದು ಲಸಿಕೆಯ ಗುರುತಲ್ಲ, ರೋಗದ ಗುರುತು ಎಂದೇ ಲೆಕ್ಕ. ಸಂಸ್ಥೆಯಲ್ಲಿ ನಮ್ಮ ಮುಖ್ಯಸ್ಥರು ಹೇಳಿದ್ದೂ ಅದನ್ನೇ.

ಸುಮ್ಮನೆ ಹೋಗಬಾರದೆಂದು ಹಸುವಿನ ಬಾಯಿ ಬಿಡಿಸಿದೆ. ಹಲ್ಲು ನೋಡಿ ವಯಸ್ಸು ಹೇಳುವುದು ಕಾಲೇಜಿಗಿಂತ ಮೊದಲೇ ನನಗೆ ದೇವನಹಳ್ಳಿಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಬಂದಿತ್ತು. ದಾಖಲೆಯ ಪ್ರಕಾರ ಆಗಷ್ಟೇ ಬಾಯಿಗೂಡಬೇಕಾದ, ಅಂದರೆ ಹಲ್ಲೆಲ್ಲ ಬಂದು ಮುಗಿಯಬೇಕಾದ, ಹಸು ಅದು. ಬಾಯಲ್ಲಿ ನೋಡಿದರೆ ಮುಂದಿನ ಹಲ್ಲುಗಳು ಸವೆಯಲು ಶುರುವಾಗಿದ್ದವು. ತಿರುಗಿ ಅವಳ ಮುಖ ನೋಡಿದೆ. ಅವಳು ಬೇರೆ ಕಡೆ ನೋಡಿದಳು.

"ಲಸಿಕೆ ಹಾಕಿಸಿದಾಗ ಇವಳಿಗೆ ಆರು ತಿಂಗಳಾ?" ಎಂದು ಕೇಳಿದೆ.

"ವರ್ಷ ದಾಟಿತ್ತು," ಎಂದಳು. ಮೊದಲ ಸಲ ನಕ್ಕಳು. "ಚಿಕ್ಕ ಕರುಗೆ ಮಾತ್ರ ಅಂದ್ರು. ಇವಳು ಮೇವಿಲ್ದೆ ಸಣ್ಣಕಿದ್ಲು. ಜನ ಬ್ಯಾರೆ ಮುಗಿಬಿದ್ದಿದ್ರು. ಆರ್ ತಿಂಗ್ಳು ಅಂದ್ಬಿಟ್ಟೆ. ಪುಕ್ಸಟ್ಟೆ ಔಸ್ದಿ, ಒಳ್ಳೇದಾಗ್ಲಿ ಅಂತ."

ನನಗೂ ನಗು ಬಂತು. ವಯಸ್ಸು ಮೀರಿದ ಕಡಸಿಗೆ ಈ ಲಸಿಕೆ ಹಾಕಿದರೆ ಅದರ ಗುರುತು ರಕ್ತದಲ್ಲಿ ವರ್ಷಗಟ್ಟಲೆ ಕೂತುಬಿಡಬಹುದು. ತಟ್ಟೆಯ ಪರೀಕ್ಷೆಗೆ ಲಸಿಕೆಯೂ ಒಂದೇ, ರೋಗವೂ ಒಂದೇ. ಹಸುವಿಗೆ ಒಳ್ಳೆಯದಾಗಲಿ ಎಂದು ಹೇಳಿದ ಸುಳ್ಳೇ ಈಗ ಹಸುವಿನ ಕುತ್ತಿಗೆಗೆ ಬಂದಿತ್ತು.

ಮುಖ್ಯಸ್ಥರ ಮುಂದೆ ಹೋಗಿ ಇದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಅವರಿಗೆ ಸಿಟ್ಟು ಬಂದಾಗಿನ ಲಕ್ಷಣ.

"ಹಲ್ಲು ನೋಡಿ, ಒಡತಿ ಹೇಳಿದ್ದು ಕೇಳಿ ವರದಿ ಬರೆಯೋಕಾಗುತ್ತಾ ಡಾಕ್ಟ್ರೇ? ಪಾಸಿಟಿವ್ ಬಂದಿದೆ. ಪ್ರತ್ಯೇಕಿಸಿ, ಊರಾಚೆ ಸಾಗಿಸಿ ಅಂತ ಬರೆದು ಫೈಲ್ ಮುಗಿಸಿ."

ಬರೆಯುವುದಿಲ್ಲ ಎಂದೆ. ಕಂದು ಹಾಕಿದ ಹಸುಗಳೆಲ್ಲ ಬ್ರುಸೆಲ್ಲಾಕ್ಕೆ ನೆಗೆಟಿವ್, ಕಂದು ಹಾಕದ ಒಂದು ಹಸು ಪಾಸಿಟಿವ್. ಇದನ್ನು ನೋಡಿ ಈ ಹಸುವೇ ಕಳ್ಳ ಅನ್ನುವುದಕ್ಕೆ ನಾವು ವಿಜ್ಞಾನ ಓದಬೇಕಾಗಿರಲಿಲ್ಲ, ಊರಿನವರಿಗೇ ಅದು ಬರುತ್ತದೆ ಎಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು, ಹೊರಗೆ ಟೈಪಿಸುವ ಸದ್ದು ನಿಂತಿತು. ಆಗ ಅವರು ಕೇಳಿದ ಪ್ರಶ್ನೆ ಮಾತ್ರ ನ್ಯಾಯವಾದದ್ದು. ನಿಮ್ಮ ಊಹೆ ತಪ್ಪಾಗಿ, ಹಸುವಿಗೆ ನಿಜವಾಗಿಯೂ ರೋಗ ಇದ್ದು, ಅದು ಊರೊಳಗೇ ಈದರೆ?

ಆ ಪ್ರಶ್ನೆ ನನಗೂ ನಿದ್ದೆ ಕೊಟ್ಟಿರಲಿಲ್ಲ. ಬ್ರುಸೆಲ್ಲಾ ಇದ್ದ ಹಸು ಈಯುವಾಗ ಕಸದಲ್ಲಿ, ಅಂದರೆ ಕರುವಿನ ಹಿಂದೆ ಬೀಳುವ ಮಾಸಿನಲ್ಲಿ, ಮತ್ತು ನೀರಿನಲ್ಲಿ ರೋಗಾಣು ಹೊಳೆಯಾಗಿ ಹರಿಯುತ್ತದೆ. ಅದು ಮನುಷ್ಯರಿಗೂ ಬರುವ ರೋಗ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ಕೀಲಿನಲ್ಲಿ ನೋವು. ಕೈಹಾಕಿ ಕರು ಎಳೆದ ಒಡತಿಗೂ ಬರಬಹುದು, ನನಗೂ ಬರಬಹುದು. ನನಗೆ ಭಯವಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ಮಾತನ್ನು ತಿರುಗಿಸಿ ನೋಡಿದರೆ ದಾರಿ ಅಲ್ಲೇ ಇತ್ತು. ರೋಗವಿದ್ದರೆ ಅದು ಹೊರಬರುವುದು ಈದಾಗಲೇ. ಈದ ದಿನದ ಕಸವನ್ನು ತಂದು ಪರೀಕ್ಷೆ ಮಾಡಿದರೆ ಯಾವ ತಟ್ಟೆಯೂ ಹೇಳದ್ದನ್ನು ಅದು ಹೇಳುತ್ತದೆ. ಹಸುವನ್ನು ಸಾಗಿಸಿಬಿಟ್ಟರೆ ಸತ್ಯವೂ ಅದರ ಜೊತೆ ಲಾರಿ ಹತ್ತಿ ಹೋಗುತ್ತದೆ.

ಹಸು ಅಲ್ಲೇ ಈಯಲಿ, ನಾನು ಎದುರಿಗಿರುತ್ತೇನೆ ಎಂದೆ. ಹೆಚ್ಚುಕಡಿಮೆಯಾದರೆ ನಿಮ್ಮ ಹೊಣೆ ಎಂದರು. ನನ್ನದೇ ಎಂದೆ.

ಹಸು ಈಯುವುದಕ್ಕೆ ಇನ್ನೂ ಕಾಲವಿತ್ತು. ಅಷ್ಟರಲ್ಲಿ ನಿಜವಾದ ಕಳ್ಳನನ್ನು ಹಿಡಿಯಬೇಕಿತ್ತು. ಮನೆಮನೆಗೆ ಹೋಗಿ ಕೇಳಿದೆ. ಕಂದು ಹಾಕುವ ಮುಂಚೆ ಹಸುಗಳಿಗೆ ಏನಾದರೂ ಆಗಿತ್ತೇ? ಏನೂ ಇಲ್ಲ ಅನ್ನುವುದು ಎಲ್ಲರ ಉತ್ತರ. ಕೊನೆಗೆ ಒಬ್ಬ ಮುದುಕರು, ಏನೂ ಇಲ್ಲ ತಾಯಿ, ಹಿಂದೆ ಒಂದಷ್ಟು ದಿನ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಮೂಗಲ್ಲಿ ಗೊಣ್ಣೆ, ಮೇವು ಬಿಟ್ಟಿದ್ದವು, ರಿಂಗ್ ರೋಡಿನ ಧೂಳಿಗೆ ಹಾಗಾಯಿತು ಎಂದರು. ಊರ ಪಕ್ಕದಲ್ಲಿ ರಸ್ತೆಯ ಕೆಲಸ ನಡೆಯುತ್ತಿದ್ದುದು ನಿಜ. ಟಿಪ್ಪರುಗಳು ಎಬ್ಬಿಸಿದ ಕೆಂಪು ಧೂಳು ಮಾವಿನೆಲೆಯ ಮೇಲೆಲ್ಲ ಕೂತಿತ್ತು. ಮಕ್ಕಳ ಕೆಮ್ಮಿಗೂ ಹಸುಗಳ ಕಣ್ಣಿಗೂ ಎಲ್ಲರೂ ಅದನ್ನೇ ಬೈಯುತ್ತಿದ್ದರು. ಆದರೆ ಧೂಳು ಕಂದು ಹಾಕಿಸುವುದಿಲ್ಲ.

ಕೆಂಪು ಕಣ್ಣು, ಗೊಣ್ಣೆ, ಒಂದೆರಡು ತಿಂಗಳ ಮೇಲೆ ಕಂದು: ಇದು ನನಗೆ ಗೊತ್ತಿದ್ದ ಒಂದು ವೈರಸ್ಸಿನ ನಡಿಗೆ. ಐಬಿಆರ್ ಎನ್ನುತ್ತೇವೆ. ಮೂಗಿನಿಂದ ಮೂಗಿಗೆ ಹರಡುತ್ತದೆ, ಗಬ್ಬಕ್ಕೆ ಇಳಿಯುತ್ತದೆ, ಆಮೇಲೆ ಹಸುವಿನ ನರದೊಳಗೆ ಹೋಗಿ ಮಲಗುತ್ತದೆ, ಸಾಯುವವರೆಗೂ ಬಿಡುವುದಿಲ್ಲ. ಹಸು ದಣಿದಾಗ ಮತ್ತೆ ಏಳುತ್ತದೆ. ರಕ್ತದಲ್ಲಿ ಇದರ ಗುರುತು ಸಿಕ್ಕರೂ ಕಂದಿಗೆ ಇದೇ ಕಾರಣ ಎನ್ನಲಾಗದು. ಯಾವಾಗ ಬಂದು ಹೋದದ್ದೋ ಯಾರಿಗೆ ಗೊತ್ತು. ಸತ್ತು ಬಿದ್ದ ಕರುವಿನ ಒಳಗೇ, ಅದರ ಕಸದಲ್ಲೇ ವೈರಸ್ ಹಿಡಿಯಬೇಕು. ಅದಕ್ಕೆ ಹಸಿಯಾದ ಕಂದು ಬೇಕು.

ಕೊಡುವವರು ಯಾರು? ಆ ಮನೆಗೆ ಆದದ್ದನ್ನು ಊರೆಲ್ಲ ಕಣ್ಣಾರೆ ಕಂಡಿತ್ತು. ನಮ್ಮ ಹಸು ಕಂದು ಹಾಕಿತು ಎಂದು ಹೇಳಿಕೊಂಡು ನಾಳೆ ತಮ್ಮ ಹಾಲು ನಿಲ್ಲಿಸಿಕೊಳ್ಳಲು ಯಾರಿಗೂ ಹುಚ್ಚು ಹಿಡಿದಿರಲಿಲ್ಲ. ಹೋದ ಮನೆಯಲ್ಲೆಲ್ಲ ಕಾಫಿ ಕೊಟ್ಟರು, ಈಗೆಲ್ಲ ನಿಂತುಹೋಗಿದೆ ಎಂದರು. ನಾನು ನಂಬಲಿಲ್ಲ, ಯಾಕೆಂದರೆ ಊರ ಮುಂದಿನ ಆಲದ ಮರ ಬೇರೆ ಮಾತು ಹೇಳುತ್ತಿತ್ತು. ನಮ್ಮ ಕಡೆ ಹಸು ಈದರೆ ಕಸವನ್ನು ಹುಲ್ಲಿನಲ್ಲೋ ಗೋಣಿಯಲ್ಲೋ ಸುತ್ತಿ ಆಲದ ಮರಕ್ಕೆ ಕಟ್ಟುತ್ತಾರೆ. ಹಾಲು ಒಸರುವ ಮರ. ಹಸುವಿನ ಕೆಚ್ಚಲೂ ಹಾಗೇ ತುಂಬಲಿ ಎಂದು. ಆ ಮರದ ಕೊಂಬೆಯಲ್ಲಿ ಹೊಸ ಗೋಣಿ ಗಂಟುಗಳು ನೇತಾಡುತ್ತಿದ್ದವು. ಊರಿನಲ್ಲಿ ಹೊಸ ಕರುಗಳು ಮಾತ್ರ ಕಾಣುತ್ತಿರಲಿಲ್ಲ. ಕೇಳಿದರೆ, ಗಂಡುಕರು, ಹುಟ್ಟಿ ಸತ್ತಿತು ಅನ್ನುತ್ತಿದ್ದರು. ಕಂದು ಹಾಕಿದ್ದನ್ನು ಮುಚ್ಚಲು, ಈಯಿತು ಎಂದು ನಾಲ್ಕು ಜನಕ್ಕೆ ಕಾಣುವಂತೆ ಗಂಟು ಕಟ್ಟುತ್ತಿದ್ದರು. ಕೆಳಗೆ ದನಗಳು ನೆರಳಿಗೆ ಮಲಗುತ್ತಿದ್ದವು.

ಇದನ್ನು ನೋಡಿಕೊಂಡು ಬಂದು ಆ ಕೊಟ್ಟಿಗೆಯ ಹುಲ್ಲಿನ ಮೆದೆಯ ಪಕ್ಕ ಕೂತು ಗೊಣಗಿದೆ. ಒಡತಿ ಕೇಳಿಸಿಕೊಂಡಳು. ತಡೀರಿ ಮೇಡಮ್ಮ, ನೋಡಾಣ, ಎಂದಷ್ಟೇ ಅಂದಳು.

ಕೆಲವು ದಿನದ ಮೇಲೆ ಅವಳ ಫೋನ್ ಬಂತು. ಒಂದು ಸಿಕ್ಕಿದೆ, ಬನ್ನಿ, ಯಾರ ಮನೆಯದು ಅಂತ ಮಾತ್ರ ಕೇಳಬಾರದು ಎಂದಳು. ನಾನು ಹೋಗಿ ಕೈ ಹಣೆಗೆ ಇಟ್ಟುಕೊಂಡೆ. ಯಾವಳೋ ಒಬ್ಬಳ ಹಸು ಕಂದು ಹಾಕಿದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಡತಿ ತನ್ನ ಗಬ್ಬದ ಹಸುವಿನಿಂದ ಒಂದೇ ಮಾರು ದೂರದಲ್ಲಿ ಇಟ್ಟುಕೊಂಡು ಕೂತಿದ್ದಳು. ಚೆನ್ನಾಗಿ ಬೈದೆ. ನಿನ್ನ ಹಸುವಿಗೆ ಅಂಟಿದರೆ ಗತಿಯೇನು ಎಂದೆ. ಅವಳ ಮುಖ ಸಣ್ಣದಾಯಿತು. ಅದನ್ನೆಲ್ಲ ಎತ್ತಿ, ನೆಲಕ್ಕೆ ಸುಣ್ಣ ಹಾಕಿ, ಹಿತ್ತಲಾಚೆ ಹೊಲದ ಮೂಲೆಯ ಲಂಟಾನ ಪೊದೆಯ ಹತ್ತಿರ ಕಂದು ತಂದಿಡಲು ಜಾಗ ಗೊತ್ತುಮಾಡಿದೆವು. ಗ್ಲೌಸು, ಮಾಸ್ಕು, ಅಲ್ಲಿಗಷ್ಟೇ ಹಾಕುವ ಒಂದು ಜೊತೆ ಚಪ್ಪಲಿ, ಐಸು ತುಂಬಿದ ಲಸಿಕೆ ಪೆಟ್ಟಿಗೆ. ಅಲ್ಲಿಂದ ಬಂದರೆ ಸ್ನಾನ ಮಾಡದೆ ಕೊಟ್ಟಿಗೆಗೆ ಹೋಗಬಾರದೆಂದು ಆಣೆ ಮಾಡಿಸಿಕೊಂಡೆ. ಐಸಿನ ಪೊಟ್ಟಣಗಳು ಅವಳ ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಪಕ್ಕ ಗಟ್ಟಿಯಾಗುತ್ತಿದ್ದವು.

ಇದೆಲ್ಲ ಗೊತ್ತಾದರೆ, ಅಷ್ಟೂ ಕಂದು ಬಿದ್ದದ್ದು ನಿನ್ನ ಕೊಟ್ಟಿಗೆಯಲ್ಲೇ ಎಂದುಬಿಡುತ್ತಾರೆ, ಯೋಚನೆ ಮಾಡು ಎಂದೆ.

"ಅನ್ಲಿ ಬಿಡಿ. ಅನ್ನಾಕೆ ಇನ್ನೇನು ಬಾಕಿ ಐತೆ?" ಎಂದಳು. "ನಮ್ ಹಿತ್ಲ ಕಡೆ ಯಾರೂ ತಿರುಗಿ ನೋಡಲ್ಲ ಮೇಡಮ್ಮ. ಬಚ್ಚಿಡಾಕೆ ಊರಲ್ಲಿ ಇದಕ್ಕಿಂತ ಒಳ್ಳೆ ಜಾಗ ಎಲ್ಲೈತೆ?"

ಆಲದ ಮರದಲ್ಲಿ ಗಂಟು ಕಟ್ಟಿ ನಾಟಕವಾಡುತ್ತಿದ್ದ ಹೆಂಗಸರೇ, ನಲ್ಲಿಯ ಹತ್ತಿರ ಇವಳ ಕೊಡ ಮುಟ್ಟದೆ ದೂರ ನಿಲ್ಲುತ್ತಿದ್ದವರೇ, ಹೊಲದ ಬದುವಿನ ಮೇಲೆ ಹುಲ್ಲಿನ ಹೊರೆಯೊಳಗೆ ತಮ್ಮ ಕೊಟ್ಟಿಗೆಯ ದುಃಖವನ್ನು ಹೊತ್ತು ತಂದು ಆ ಪೊದೆಯ ಹತ್ತಿರ ಇಟ್ಟು ಹೋಗತೊಡಗಿದರು. ಯಾರನ್ನು ಊರು ಹೊರಗಿಟ್ಟಿತ್ತೋ ಅವಳ ಹತ್ತಿರವೇ ಊರಿನ ಗುಟ್ಟೆಲ್ಲ ಬಂದು ಸೇರಿತು. ಅವರ ಮೇಲೆ ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಅವಳಿಗೆ ಬರುತ್ತಿರಲಿಲ್ಲವೋ, ಬಂದರೂ ನುಂಗಿಕೊಳ್ಳುತ್ತಿದ್ದಳೋ ಗೊತ್ತಿಲ್ಲ. ಬೇಕಾದ ಭಾಗಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಉಳಿದದ್ದನ್ನು ಆಳವಾಗಿ ಗುಂಡಿ ತೋಡಿ, ಸುಣ್ಣ ಸುರಿದು ಹೂಳುತ್ತಿದ್ದೆವು. ಅವಳ ಗಂಡ ಶಿಫ್ಟ್ ಮುಗಿಸಿ ಬಂದು ಮುಖ ಗಂಟಿಕ್ಕಿಕೊಂಡೇ ಗುಂಡಿ ತೋಡಿಕೊಡುತ್ತಿದ್ದ.

ಲ್ಯಾಬಿನಲ್ಲಿ ಅದೃಷ್ಟ ಕೈಕೊಟ್ಟಿತು. ಮೊದಲು ಸಿಕ್ಕದ್ದು ಬಿಸಿಲಿಗೆ ಕೊಳೆತುಹೋಗಿತ್ತು, ಅದರಲ್ಲಿ ಏನೂ ಸಿಗಲಿಲ್ಲ. ಮುಂದಿನ ಮಾದರಿಗಳಿಗೆ, ವೈರಸ್ಸಿನ ತುಣುಕನ್ನು ಹೆಚ್ಚಿಸಿ ತೋರಿಸುವ ಪಿಸಿಆರ್ ಪರೀಕ್ಷೆ ಮಾಡಿದಾಗ, ವೈರಸ್ಸಿನ ಗೆರೆ ಎಲ್ಲದರಲ್ಲೂ ಢಾಳಾಗಿ ಹೊಳೆಯಿತು. ಕುಣಿಯಬೇಕು ಅನ್ನುವಷ್ಟರಲ್ಲಿ, ತಾಳೆ ನೋಡಲೆಂದು ಬರೀ ನೀರು ಹಾಕಿದ್ದ ಪುಟ್ಟ ಗುಂಡಿಯಲ್ಲೂ ಅದೇ ಗೆರೆ ಕಾಣಿಸಿತು. ನೀರಿನಲ್ಲಿ ವೈರಸ್ ಇರುವುದಿಲ್ಲ. ಅಂದರೆ ಎಲ್ಲೋ ಒಂದು ಕಡೆ ಒಂದರದ್ದು ಇನ್ನೊಂದಕ್ಕೆ ಹಾರಿದೆ, ಯಾವುದನ್ನೂ ನಂಬುವಂತಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನಗೆ ಬೇಕಾದ ಉತ್ತರವನ್ನೇ ನಾನು ಕೈಯಾರೆ ಕಸದ ಡಬ್ಬಿಗೆ ಹಾಕಬೇಕಾಯಿತು. ದ್ರಾವಣಗಳನ್ನೆಲ್ಲ ಹೊಸದಾಗಿ ತರಿಸಿ, ಕೊಠಡಿ ಒರೆಸಿ, ಬೇರೆ ಪಿಪೆಟ್ಟು ಹಿಡಿದು ಮತ್ತೆ ಮೊದಲಿನಿಂದ ಮಾಡಿದೆವು. ಈ ಸಲ ನೀರಿನ ಗುಂಡಿ ಖಾಲಿ. ಕಂದುಗಳಲ್ಲಿ ಗೆರೆ. ಅವೇ ಮಾದರಿಗಳಲ್ಲಿ ಬ್ರುಸೆಲ್ಲಾಕ್ಕೂ ಹುಡುಕಿದೆವು, ಒಂದರಲ್ಲೂ ಇಲ್ಲ.

ಮುಖ್ಯಸ್ಥರ ಬಾಯಿ ಮುಚ್ಚಿಸಲು ಅಷ್ಟು ಸಾಲದೆಂದು, ಬಾಟಲಿಯಲ್ಲಿ ಬೆಳೆಸಿದ ಹಸುವಿನ ಮೂತ್ರಪಿಂಡದ ಜೀವಕೋಶಗಳ ಮೇಲೆ ಮಾದರಿಯ ರಸವನ್ನು ಬಿಟ್ಟು ಕಾದೆ. ಈ ವೈರಸ್ ಇದ್ದರೆ ಚಪ್ಪಟೆ ಹಾಸಿಕೊಂಡಿದ್ದ ಕೋಶಗಳು ದುಂಡಗಾಗಿ ದ್ರಾಕ್ಷಿ ಗೊಂಚಲಿನ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದೇವನಹಳ್ಳಿಯವಳಿಗೆ ದ್ರಾಕ್ಷಿ ಗೊಂಚಲು ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಮುಖ್ಯಸ್ಥರನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಅವರು ತುಂಬ ಹೊತ್ತು ನೋಡಿದರು.

"ಒಪ್ಪಿದೆ," ಎಂದರು. "ಊರಿನಲ್ಲಿ ಇದು ಇದೆ. ಆದರೆ ಆ ಹಸುವಿನಲ್ಲಿ ಬ್ರುಸೆಲ್ಲಾ ಇಲ್ಲ ಅಂತ ಇದರಿಂದ ಗೊತ್ತಾಗಲ್ಲವಲ್ಲ."

ಮಾತು ಸರಿ. ಎರಡು ರೋಗ ಒಂದೇ ಊರಿನಲ್ಲಿ ಇರಬಾರದೆಂದು ಎಲ್ಲೂ ಬರೆದಿಲ್ಲ.

ಹಸು ಒಂದು ಮಧ್ಯಾಹ್ನ ಈಯಿತು. ಬೆಳಗ್ಗೆಯೇ ಫೋನ್ ಬಂದಿದ್ದರಿಂದ ನಾನು ಅಲ್ಲೇ ಇದ್ದೆ. ಇಬ್ಬರೂ ಏಪ್ರನ್, ಕನ್ನಡಕ, ಉದ್ದ ಗ್ಲೌಸು ಹಾಕಿಕೊಂಡು ನಿಂತಿದ್ದೆವು. ಹಸು ನಮ್ಮ ವೇಷ ನೋಡಿ ಬೆದರಿ ಒಂದು ಸಲ ಒದೆಯಿತು, ಆಮೇಲೆ ತನ್ನ ಕೆಲಸ ನೋಡಿಕೊಂಡಿತು. ಮುಂಗಾಲು ಬಂತು, ಮೂಗು ಬಂತು, ಅಲ್ಲಿಗೆ ನಿಂತಿತು. ಒಡತಿ ಏನೋ ಗೊಣಗುತ್ತಾ ಅದರ ಬೆನ್ನು ನೀವುತ್ತಿದ್ದಳು, ದೇವರಿಗೋ ಹಸುವಿಗೋ ತಿಳಿಯಲಿಲ್ಲ. ಇನ್ನೊಂದು ನೋವಿಗೆ ಇಡೀ ಕರು ಜಾರಿ ನನ್ನ ಮಡಿಲಿಗೇ ಬಿತ್ತು. ಹೆಣ್ಣುಕರು. ಸೀನಿತು. ಆ ಸೀನಿಗೆ ಅವಳು ಅಷ್ಟು ದಿನ ಅಳದಿದ್ದವಳು ಮಾಸ್ಕಿನೊಳಗೇ ಅತ್ತಳು. ನನಗೂ ಕಣ್ಣು ಮಂಜಾಯಿತು. ಗ್ಲೌಸಿನ ಕೈಯಲ್ಲಿ ಒರೆಸಿಕೊಳ್ಳುವಂತಿರಲಿಲ್ಲ.

ಕಸ ಹೊತ್ತಿಗೆ ಸರಿಯಾಗಿ ತಾನೇ ಬಿತ್ತು. ಚೊಕ್ಕಟ, ಕೆಂಪು, ವಾಸನೆಯಿಲ್ಲ. ನಾನು ಅದನ್ನು ಪೂರ್ತಿ ಪೆಟ್ಟಿಗೆಗೆ ಹಾಕಲು ಹೋದಾಗ ಅವಳು ಕೈ ಹಿಡಿದಳು. ಮರಕ್ಕೆ ಕಟ್ಟದಿದ್ದರೆ ಹಾಲು ಬತ್ತುತ್ತದೆ ಎಂದಳು. ಉಳಿದದ್ದಕ್ಕೆಲ್ಲ ಒಪ್ಪಿದವಳು ಈ ಒಂದರಲ್ಲಿ ಮಾತ್ರ ಅಲ್ಲಾ­ಡಲಿಲ್ಲ. ವರದಿ ಬರುವವರೆಗೆ ಒಂದು ಚೂರೂ ಮರಕ್ಕೆ ಹೋಗಬಾರದು ಎಂದು ನಾನೂ ಹಟ ಹಿಡಿದೆ. ಕೊನೆಗೆ ಒಪ್ಪಂದವಾಯಿತು. ನನಗೆ ಬೇಕಾದಷ್ಟು ಕತ್ತರಿಸಿಕೊಂಡು, ಉಳಿದದ್ದನ್ನು ಕೆಡದಂತೆ ಇಟ್ಟು, ರೋಗವಿಲ್ಲವೆಂದಾದರೆ ವಾಪಸ್ ತಂದುಕೊಡಬೇಕು. ಹೀಗೆ ನಮ್ಮ ಸಂಸ್ಥೆಯ ಡೀಪ್ ಫ್ರೀಜರಿನಲ್ಲಿ ಆಲದ ಮರಕ್ಕೆ ಸೇರಬೇಕಾದ ಗಂಟೊಂದು ಕೂತಿತು. ಮುಖ್ಯಸ್ಥರು ಇದೇನು ಎಂದು ಕೇಳಿದರು. ಹರಕೆ ಸರ್ ಎಂದೆ.

ಬ್ರುಸೆಲ್ಲಾ ನಿಧಾನವಾಗಿ ಬೆಳೆಯುವ ರೋಗಾಣು. ಕಸದ ಚೂರುಗಳನ್ನು ಬಿತ್ತಿದ ತಟ್ಟೆಗಳನ್ನು ವಾರಗಟ್ಟಲೆ ಕಾದೆ. ದಿನಾ ಬೆಳಗ್ಗೆ ಕಾವುಪೆಟ್ಟಿಗೆಯ ಬಾಗಿಲು ತೆಗೆದು, ಪರೀಕ್ಷೆಯ ಫಲಿತಾಂಶ ನೋಡುವ ಹುಡುಗಿಯಂತೆ ಒಂದೊಂದೇ ತಟ್ಟೆ ಎತ್ತಿ ನೋಡುತ್ತಿದ್ದೆ. ಒಂದು ಚುಕ್ಕೆಯೂ ಮೂಡಲಿಲ್ಲ. ಪಿಸಿಆರ್‌ನಲ್ಲೂ ಇಲ್ಲ. ಗಿಣ್ಣು ಮುಗಿದು ಮಾಮೂಲು ಹಾಲು ಇಳಿದ ಮೇಲೆ ಅದನ್ನೂ ಪರೀಕ್ಷಿಸಿದೆವು, ಅದರಲ್ಲೂ ಇಲ್ಲ. ಮುಖ್ಯಸ್ಥರು ವರದಿಗೆ ತಾವೇ ಮೊದಲು ಸಹಿ ಹಾಕಿದರು. ಒಳ್ಳೆ ಕೆಲಸ ಅನ್ನಲಿಲ್ಲ. ಕನ್ನಡಕವನ್ನಂತೂ ತೆಗೆಯಲಿಲ್ಲ. ನಾನು ಗಂಟನ್ನು ಐಸ್ ಪೆಟ್ಟಿಗೆಯಲ್ಲಿ ಒಯ್ದು ಕೊಟ್ಟೆ. ಅವಳ ಗಂಡ ಹಾಡುಹಗಲೇ ಮರ ಹತ್ತಿ ಎಲ್ಲಕ್ಕಿಂತ ಮೇಲಿನ ಕೊಂಬೆಗೆ ಕಟ್ಟಿದ.

ಆ ಸಂಜೆ ಡೈರಿಯ ಜಗುಲಿಯಲ್ಲಿ, ತಟ್ಟೆಯ ಪರೀಕ್ಷೆ ಮಾಡಿದ್ದ ಅದೇ ಜಾಗದಲ್ಲಿ, ಊರಿನವರನ್ನು ಸೇರಿಸಿ ಎಲ್ಲ ಹೇಳಿದೆ. ತಪ್ಪು ಧೂಳಿನದಲ್ಲ, ಈ ಹಸುವಿನದಲ್ಲ, ವೈರಸ್ಸಿನದು. ಬಹಳಷ್ಟು ಕೊಟ್ಟಿಗೆಗಳಲ್ಲಿ ಈಗಾಗಲೇ ಮಲಗಿದೆ. ಹಸುಗಳನ್ನು ಹೊರಗಟ್ಟುವುದಾದರೆ ಊರನ್ನೇ ಖಾಲಿ ಮಾಡಬೇಕು. ಕಂದು ಹಾಕಿದ್ದನ್ನು ಮರಕ್ಕೆ ಕಟ್ಟಬೇಡಿ, ಹೂಳಿ. ಹೊಸದಾಗಿ ತಂದ ಹಸುವನ್ನು ಕೆಲವು ವಾರ ಬೇರೆ ಕಟ್ಟಿ. ಲಸಿಕೆ ಹಾಕಿಸೋಣ, ವಯಸ್ಸು ಮಾತ್ರ ನಿಜ ಹೇಳಿ. ಹಿಂದಿನ ಸಾಲಿನಲ್ಲಿ ಒಡತಿ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಮಾದರಿಗಳನ್ನು ಯಾರು ಕೊಟ್ಟರು, ಯಾರ ಮನೆಯವು ಎಂದು ಒಬ್ಬ ಯಜಮಾನರು ಗಡುಸಾಗಿ ಕೇಳಿದರು. ನನಗೆ ಗೊತ್ತಿಲ್ಲ ಎಂದೆ, ಅದು ನಿಜವೇ ಆಗಿತ್ತು. ಗೊತ್ತಿದ್ದವಳು ಒಂದು ಮಾತೂ ಆಡಲಿಲ್ಲ. ಒಂದು ಹೆಸರು ಹೇಳಿದ್ದರೆ ಸಾಕಿತ್ತು, ಅಷ್ಟು ದಿನದ ಅವಮಾನಕ್ಕೆ ಸರಿಯಾಗುತ್ತಿತ್ತು.

ಸೆಕ್ರೆಟರಿ ಆಗ ಮಧ್ಯದ ದಾರಿ ಹಿಡಿದ. ನಾಳೆಯಿಂದ ಅವರ ಮನೆಯ ಹಾಲು ತಗೊಳ್ಳೋಣ, ಆದರೆ ಸ್ವಲ್ಪ ದಿನ ಬೇರೆ ಕ್ಯಾನಿಗೆ, ಜನಕ್ಕೆ ಧೈರ್ಯ ಬರುವವರೆಗೆ ಎಂದ. ನನಗೆ ಎಲ್ಲಿತ್ತೋ ಕೋಪ. ವರದಿ ಓದಲು ಬರುತ್ತದಾ ನಿನಗೆ ಎಂದು ಬಾಯಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವಳೇ ಎದ್ದು ನಿಂತಳು.

"ಬ್ಯಾರೆ ಕ್ಯಾನಿಗಾದ್ರೆ ನಾನ್ ಹಾಕಲ್ಲ," ಎಂದಳು. "ಎಲ್ಲಾರ ಹಾಲ್ಗೆ ಬೆರೆಸೋದಾದ್ರೆ ಹಾಕ್ತೀನಿ. ಇಲ್ದಿದ್ರೆ ಕರುಗೆ ಕುಡುಸ್ತೀನಿ."

ಸಭೆ ಅಲ್ಲಿಗೆ ಮುರಿಯಿತು. ನಾನು ದೊಡ್ಡಬಳ್ಳಾಪುರದ ನೆಂಟರ ಮನೆಯಲ್ಲಿ ಉಳಿದು ಬೆಳಗ್ಗೆ ಹಾಲಿನ ಹೊತ್ತಿಗೆ ಮತ್ತೆ ಹೋದೆ. ಒಡತಿ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿದ್ದಳು. ತಿಕ್ಕಿ ಬೆಳಗಿದ ಕ್ಯಾನು ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಮೇಜಿನ ಪಕ್ಕ ಸೆಕ್ರೆಟರಿ ಒಂದು ಚಿಕ್ಕ ಖಾಲಿ ಕ್ಯಾನನ್ನು ಇಟ್ಟುಕೊಂಡಿದ್ದ.

ಸಾಲಿನ ಮುಂದೆ ನಿಂತಿದ್ದವಳು ಸೆಕ್ರೆಟರಿಯ ತಾಯಿ. ಆ ಮುದುಕಿ ತನ್ನ ಚೊಂಬನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದು, ಹಿಂದೆ ತಿರುಗಿ, ಬಾರಮ್ಮ ಮುಂದಕ್ಕೆ ಎಂದಳು. ಅವಳ ಹಿಂದಿದ್ದವಳೂ ಸರಿದಳು. ಅವಳ ಹಿಂದೆ ಇನ್ನೊಬ್ಬಳು, ನಡುವೆ ಒಬ್ಬಳು ಅಲ್ಲಾಡದೆ ನಿಂತಳು, ಮತ್ತೊಬ್ಬಳು ಸರಿದಳು. ಆ ಪೊದೆಯ ಹತ್ತಿರ ಯಾರ್ಯಾರು ಬಂದಿದ್ದರೆಂದು ನಾನು ಎಂದೂ ಕೇಳಿರಲಿಲ್ಲ. ಈಗ ಕೇಳುವ ಅಗತ್ಯವೂ ಇರಲಿಲ್ಲ. ಸೆಕ್ರೆಟರಿ ತನ್ನ ತಾಯಿಯ ಮುಖವನ್ನೇ ನೋಡುತ್ತಿದ್ದ. ತನ್ನ ಮನೆಯ ಗುಟ್ಟು ಅವನಿಗೂ ಆಗಲೇ ಗೊತ್ತಾದದ್ದು.

ಒಡತಿ ಬಂದು ಹಾಲು ಅಳತೆಗೆ ಸುರಿದಳು. ಸೆಕ್ರೆಟರಿಯ ಕೈ ಅಭ್ಯಾಸಬಲಕ್ಕೆ ಚಿಕ್ಕ ಕ್ಯಾನಿನ ಕಡೆ ಹೋಗಿ ನಿಂತಿತು.

"ಬೆರೆಸೋ," ಎಂದಳು ಅವನ ತಾಯಿ. "ನಮ್ದೂ ಅದ್ರಾಗೇ ಬೀಳ್ಲಿ."